ಗೋಡೆಗೆ ನಾನು ಕಬೂಲ್ ಅನ್ನಲಿಲ್ಲ

ಆಗ ನನಗೆ ನಲವತ್ತೆರಡು ವರ್ಷ. ಅದಾಗಿ ಮೂವತ್ತು ವರ್ಷದ ಮೇಲಾಯಿತು. ಸಿಂಧನೂರಿನಲ್ಲಿ ಒಬ್ಬ ಗುತ್ತೇದಾರ ತನ್ನ ಹೊಸ ಮನೆಯ ಮುಂದಿನ ಗೋಡೆಗೆ ಕಲ್ಲಿನ ಬಿಲ್ಲೆ ಹಚ್ಚಿಸುತ್ತಿದ್ದ. ಹಚ್ಚುವವಳು ನಾನಲ್ಲ. ಹಚ್ಚುವ ಮೊದಲು ಗೋಡೆ ತಯಾರು ಮಾಡುವವಳು. ಆ ಮನೆ ಯಾರದು ಅಂತ ಮೊದಲನೇ ದಿನ ಹೊತ್ತು ಏರುವ ತನಕ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಇವನನ್ನು ಬಿಡಬಾರದು ಅಂದುಕೊಂಡೆ. ಬಿಡಲಿಲ್ಲ.

ಅಕ್ಷರ ಕೂಡಿಸುವುದು ನಾನು ಕಲಿತದ್ದು ತಲೆ ಅರ್ಧ ಹಣ್ಣಾದ ಮೇಲೆ. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿರಿ. ಹಕೀಕತ್ತು ಮಾತ್ರ ತಪ್ಪಿಲ್ಲ.

ಕಲ್ಲು ಹಚ್ಚಿದ ಮನೆ ನೋಡಿದ ಮಂದಿ ಗೌಂಡಿಯನ್ನು ಹೊಗಳುತ್ತಾರೆ. ಏನು ಕೂಡಿಸ್ಯಾನಲೇ, ಸಂದು ಕಾಣವಲ್ದು ಅಂತಾರೆ. ಕಲ್ಲಿನ ಹಿಂದೆ ಏನು ಮಾಡಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಮೊದಲು ಹಳೇ ಸುಣ್ಣ ಕೆರೆಯಬೇಕು. ಗಿಲಾವನ್ನು, ಅಂದರೆ ಇಟ್ಟಂಗಿಯ ಮೇಲೆ ಮೆತ್ತಿದ ಗಾರೆಯನ್ನು, ಸುತ್ತಿಗೆಯ ಹಿಡಿಕೆಯಿಂದ ಗೇಣುಗೇಣಿಗೆ ಬಡಿದು ಕೇಳಬೇಕು. ಗಟ್ಟಿ ಇದ್ದ ಕಡೆ ಟಣ್ ಅಂತದೆ, ಪೊಳ್ಳು ಇದ್ದ ಕಡೆ ಹೊಟ್ಟೆ ಉಬ್ಬಿದ ಎಮ್ಮೆಯ ಹಾಗೆ ಡಬ್ ಅಂತದೆ. ಪೊಳ್ಳೆಲ್ಲ ಕೆಡವಬೇಕು. ಆಮೇಲೆ ಉಳಿ ಹಿಡಿದು ಎರಡು ಬೆರಳಿಗೊಂದು ಕಚ್ಚು ಹೊಡೆಯಬೇಕು. ಮೈ ನುಣುಪಿದ್ದ ಗೋಡೆ ಕಲ್ಲು ಹಿಡಿಯುವುದಿಲ್ಲ, ಮೈಲಿಬೇನೆ ಬಂದ ಮುಖದ ಹಾಗೆ ಕುಳಿಕುಳಿ ಆಗಬೇಕು. ತಂತಿ ಬ್ರಷ್ಷಿನಲ್ಲಿ ತಿಕ್ಕಬೇಕು, ತೊಳೆಯಬೇಕು, ಒಣಗಿಸಿ ಮತ್ತೆ ತೊಳೆಯಬೇಕು. ಕಡೆಗೆ ಒಂದು ತಂಬಿಗೆ ನೀರು ಎರಚಿದರೆ ಗೋಡೆ ಗಟಗಟ ಕುಡಿಯಬೇಕು. ಎಣ್ಣೆ ಹಚ್ಚಿದ ತಲೆಯ ಮೇಲೆ ಇಳಿದ ಹಾಗೆ ನೀರು ಇಳಿದು ಹೋದರೆ ಸುಣ್ಣ ಇನ್ನೂ ಉಳಿದಿದೆ ಅಂತ ಅರ್ಥ.

ಇಷ್ಟೆಲ್ಲ ಆದ ಮೇಲೆ ನಮ್ಮ ಕಡೆ ಒಂದು ಪದ್ಧತಿ ಇತ್ತು. ಕಲ್ಲು ಹಚ್ಚುವ ಗೌಂಡಿ ಬಂದು ಗೋಡೆಯ ಮುಂದೆ ನಿಲ್ಲುತ್ತಿದ್ದ. ಗೋಡೆ ತಯಾರು ಮಾಡಿದ ಹೆಣ್ಣಾಳು ಅವನ ಎದುರಿಗೆ ಮೂರು ಕಡೆ ಬಡಿದು ಕೇಳಿಸಬೇಕು, ಒಂದು ತಂಬಿಗೆ ನೀರು ಎರಚಿ ತೋರಿಸಬೇಕು, ಆಮೇಲೆ "ಗ್ವಾಡಿ ಕಬೂಲ್" ಅನ್ನಬೇಕು, ಗೋಡೆ ಒಪ್ಪಿಗೆ ಅಂತ. ಆ ಮಾತು ಬಂದ ಮೇಲೆ ಕಲ್ಲು ಬಿದ್ದರೆ ತಪ್ಪು ಅವಳದು. ಮಾತು ಬರುವ ಮೊದಲೇ ಹಚ್ಚಿದ ಕಲ್ಲು ಬಿದ್ದರೆ ತಪ್ಪು ಗೌಂಡಿಯದು. ಕಾಗದ ಇಲ್ಲ, ಹೆಬ್ಬೆಟ್ಟು ಇಲ್ಲ. ಕಟ್ಟಡದ ಕೆಲಸದಲ್ಲಿ ಹೆಣ್ಣಾಳಿನ ಬಾಯಿಗೆ ಬೆಲೆ ಇದ್ದದ್ದು ಅದೊಂದು ಮಾತಿಗೆ ಮಾತ್ರ.

ಆ ಮಾತನ್ನೇ ಈ ಗುತ್ತೇದಾರ ನನ್ನಿಂದ ಕಸಿದುಕೊಂಡ. ಅದು ಲಿಂಗಸೂಗೂರಿನಲ್ಲಿ, ಸಿಂಧನೂರಿನ ಕೆಲಸಕ್ಕಿಂತ ಹತ್ತು ವರ್ಷ ಮೊದಲು.

ಆಗ ಅವನು ಬರೀ ಗೌಂಡಿ. ಒಬ್ಬ ಗುಮಾಸ್ತರ ಹಳೇ ಮನೆಗೆ ಮುಂದೆ ಪರಸಿ ಕಲ್ಲು ಹಚ್ಚುವ ಕೆಲಸ ಹಿಡಿದಿದ್ದ. ನಾನು, ನನ್ನ ತಂಗಿ ಗುರುಗುಂಟಾದಿಂದ ಮೊದಲನೇ ಬಸ್ಸಿಗೆ ಬರುತ್ತಿದ್ದೆವು. ಆ ಗೋಡೆಗೆ ಹಬ್ಬಕ್ಕೊಮ್ಮೆ ಬಳಿದು ಬಳಿದು ಸುಣ್ಣ ರೊಟ್ಟಿಯಷ್ಟು ದಪ್ಪ ಆಗಿತ್ತು. ಕೆಳಗಿನಿಂದ ಕೆರೆದುಕೊಂಡು ಬಂದಿದ್ದೆವು, ಸಜ್ಜಾದ ಕೆಳಗೆ ಇನ್ನೂ ಎರಡು ಮೊಳ ಉಳಿದಿತ್ತು. ಗುಮಾಸ್ತರು ವಾಸ್ತು ಮಾಡುವ ದಿನ ಗೊತ್ತು ಮಾಡಿಬಿಟ್ಟಿದ್ದರು. ಗೌಂಡಿಗೆ ಅವಸರ.

"ಸಾಕು ಬಿಡು," ಅಂದ. "ಮ್ಯಾಲಿನ ಎರಡು ಮೊಳ ಯಾರು ನೋಡ್ತಾರ?"

"ಯಾರ ನೋಡ್ಲಿ ಬಿಡ್ಲಿ, ಅಲ್ಲಿ ಸುಣ್ಣ ಐತ್ರಿ. ನೀರು ಕುಡ್ಯವಲ್ದು."

"ಸುಣ್ಣ ಅಲ್ಲ ಅದು, ಧೂಳ."

"ಧೂಳಾಗಿದ್ರ ತೊಳದ ಕೂಡ್ಲೇ ಹೋಗ್ತಿತ್ತಲ್ರಿ."

"ನೀ ಹೆಣ್ಣಾಳ ಅದಿ. ಕೈ ಮಾಡು, ಬಾಯಿ ಮಾಡಬ್ಯಾಡ."

ನಾನು ಕೊಡ ಎತ್ತಿಕೊಂಡು ನೀರಿಗೆ ಹೋದೆ. ತಿರುಗಿ ಬರುವುದರೊಳಗೆ ಕೆಳಗಿನ ಸಾಲಿನ ಮೂರು ಕಲ್ಲು ಹಚ್ಚಿಬಿಟ್ಟಿದ್ದ.

"ನಾ ಇನ್ನಾ ಕಬೂಲ್ ಅಂದಿಲ್ರಿ," ಅಂದೆ.

"ನಿನ್ನ ಪರವಾಗಿ ನಾ ಅಂದೀನಿ, ಹೋಗು, ಸಿಮೆಂಟ್ ಕಲಸು."

ನನ್ನ ತಂಗಿ ಅಲ್ಲೇ ಇದ್ದಳು. ಅವಳೊಬ್ಬಳೇ ಕೇಳಿಸಿಕೊಂಡವಳು. ಆವತ್ತೇ ಸುತ್ತಿಗೆ ಒಗೆದು ಬಸ್ಸು ಹತ್ತಿದ್ದರೆ ಇವತ್ತು ಇದನ್ನು ಬರೆಯುವುದೇ ಇರುತ್ತಿರಲಿಲ್ಲ. ಹತ್ತಲಿಲ್ಲ. ಸಿಮೆಂಟ್ ಕಲಸಿದೆ.

ನಾಲ್ಕು ದಿನಕ್ಕೆ ಕಲ್ಲು ಸಜ್ಜಾ ಮುಟ್ಟಿತು. ಅದಾದ ಮೂರನೇ ದಿನ ನನ್ನ ತಂಗಿ ಕೆಳಗೆ ಕುಕ್ಕರಗಾಲಲ್ಲಿ ಕುಂತು ಕಲ್ಲಿನ ಮೇಲೆ ಹತ್ತಿದ್ದ ಸಿಮೆಂಟ್ ತಿಕ್ಕಿ ತೊಳೆಯುತ್ತಿದ್ದಳು. ಮೇಲಿನ ಸಾಲಿನಿಂದ ಒಂದು ಕಲ್ಲು ಜಾರಿತು. ನಾನು ಹಿತ್ತಲಲ್ಲಿದ್ದೆ. ಕಲ್ಲು ಒಡೆದ ಸಪ್ಪಳ ಮೊದಲು ಬಂತು, ಅವಳ ದನಿ ಆಮೇಲೆ ಬಂತು. ಬಲಗೈ ಕಟ್ಟೆಯ ಮೇಲಿತ್ತು, ಕಲ್ಲಿನ ಅಂಚು ಅದರ ಮೇಲೇ ಕೂತಿತ್ತು. ನಾಲ್ಕು ಬೆರಳು ಹೋದವು. ಎರಡು ಅಲ್ಲೇ ಹೋದವು, ಎರಡನ್ನು ದವಾಖಾನೆಯಲ್ಲಿ ತೆಗೆದರು.

ಅವಳನ್ನು ಓಣಿಯ ಒಬ್ಬ ಹೆಂಗಸಿನ ಜೊತೆ ಟಾಂಗಾದಲ್ಲಿ ಹಾಕಿ ದವಾಖಾನೆಗೆ ಕಳಿಸಿ ನಾನು ತಿರುಗಿ ಬಂದೆ. ಬಿದ್ದ ಕಲ್ಲಿನ ಚೂರು ಬೋರಲಾಗಿ ಬಿದ್ದಿತ್ತು. ಎತ್ತಿ ನೋಡಿದರೆ ಹಿಂದೆ ಸಿಮೆಂಟ್, ಸಿಮೆಂಟಿನ ಮೇಲೆ ಬೆಳ್ಳಗೆ ಸುಣ್ಣದ ಪದರು. ಗೋಡೆಯಿಂದ ಸುಣ್ಣ ಹಪ್ಪಳದ ಹಾಗೆ ಎದ್ದು ಬಂದಿತ್ತು. ಗುಮಾಸ್ತರು ಬಂದು ನಿಂತರು. ನಾನು ಅದನ್ನು ಅವರಿಗೆ ತೋರಿಸಬೇಕು ಅನ್ನುವುದರೊಳಗೆ ಗೌಂಡಿ ನನ್ನ ಕೈಯಿಂದಲೇ ಆ ಚೂರು ಕಿತ್ತುಕೊಂಡ.

"ನೋಡ್ರಿ ಸಾಹೇಬರ, ಈಕಿ ಸುಣ್ಣಾನ ಕೆರದಿಲ್ಲ. ಕಬೂಲ್ ಅಂದ್ಲು, ನಾ ನಂಬಿ ಹಚ್ಚಿದೆ."

"ಅಂದಿಯೇನು?" ಗುಮಾಸ್ತರು ನನ್ನನ್ನು ಕೇಳಿದರು.

"ಇಲ್ರಿ. ಅಂದಿಲ್ಲ."

"ನನ್ನ ಕಿವಿಲೆ ಕೇಳೀನ್ರಿ," ಅಂದ ಗೌಂಡಿ. ಕಣ್ಣು ಸಹ ಪಿಳುಕಿಸಲಿಲ್ಲ. ಗುಮಾಸ್ತರು ಇಬ್ಬರ ಮುಖ ನೋಡಿದರು. ಒಬ್ಬ ಇಸ್ತ್ರಿ ಅಂಗಿ ಹಾಕಿದ ಗೌಂಡಿ, ಒಬ್ಬಳು ಮೈ ತುಂಬಾ ಸುಣ್ಣ ಮೆತ್ತಿಕೊಂಡ ಹೆಣ್ಣಾಳು. "ತಂಗಿ ಕೈನ ಹಾಳು ಮಾಡಿದ್ಯಲ್ಲವ್ವಾ," ಅಂದರು ನನಗೆ.

ನನ್ನ ಕಬೂಲ್ ಲಿಂಗಸೂಗೂರಿನ ಗೌಂಡಿಗಳ ಬಾಯಲ್ಲಿ ನಗೆಚಾಟಿಕೆ ಆಯಿತು. ಆಕಿ ಕಬೂಲ್ ಅಂದಳೋ, ತಲೀ ಮ್ಯಾಲ ಬುಟ್ಟಿ ಬೋರಲ ಹಾಕ್ಕೊಂಡು ನಿಂದರು, ಅನ್ನುತ್ತಿದ್ದರು. ಮುದಗಲ್‌ಗೆ ಹೋದರೆ ಅಲ್ಲಿಗೂ ಹೋಗಿತ್ತು. ಹಟ್ಟಿಯ ಚಿನ್ನದ ಗಣಿಯ ಕಡೆ ಕ್ವಾರ್ಟರ್ಸ್ ಗೋಡೆ ಕೆರೆಯುವ ಕೆಲಸ ಇದೆ ಅಂದರು, ಅಲ್ಲಿನ ಮೇಸ್ತ್ರಿ ನನ್ನ ಮುಖ ನೋಡಿ, "ಯಾರು, ಆ ಕಲ್ಲು ಬೀಳಸಾಕಿನಾ?" ಅಂದ. ಬಂದ ಬಸ್ಸಿಗೇ ಹೊಳ್ಳಿ ಬಂದೆ.

ತಂಗಿಯನ್ನು ಗಂಡನ ಮನೆಯವರು ಒಂದು ವರ್ಷ ಇಟ್ಟುಕೊಂಡರು. ಎಡಗೈಯಲ್ಲಿ ಬಡಿದ ಜೋಳದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಅವಳ ಅತ್ತೆ ಆ ರೊಟ್ಟಿ ಎತ್ತಿ ಹಿಡಿದು ಅದರ ತೂತಿನೊಳಗಿಂದ ಓಣಿಯವರನ್ನು ನೋಡಿ ನಗುತ್ತಿದ್ದಳಂತೆ. ಆಮೇಲೆ ಗಂಟು ಸಮೇತ ನಮ್ಮ ಬಾಗಿಲಿಗೆ ತಂದು ಬಿಟ್ಟು ಹೋದರು. ನಾನು ಅವಳನ್ನು ಕರೆದುಕೊಂಡು ಮಸ್ಕಿಗೆ ಬಂದೆ. ನನ್ನ ಗಂಡ ಅದಕ್ಕಿಂತ ಮೊದಲೇ ತೀರಿದ್ದ. ಅವನ ಸುದ್ದಿ ಇಲ್ಲಿ ಬೇಡ.

ಮಸ್ಕಿಯಲ್ಲಿ ಇಟ್ಟಂಗಿ ಭಟ್ಟಿಗೆ ಸೇರಿದೆ. ಅಲ್ಲೊಬ್ಬ ಮುದುಕಿ ಇದ್ದಳು. ಟ್ರಾಕ್ಟರಿನಲ್ಲಿ ಮಣ್ಣು ಬಂದು ಬಿದ್ದ ಕೂಡಲೇ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಡುತ್ತಿದ್ದಳು. ಸವಳು ಮಣ್ಣು, ಅಂದರೆ ಉಪ್ಪು ಹತ್ತಿದ ಮಣ್ಣು ಇದ್ದರೆ ಥೂ ಅಂತ ಉಗುಳಿ ಟ್ರಾಕ್ಟರನ್ನು ಹಿಂದಕ್ಕೆ ಕಳಿಸುತ್ತಿದ್ದಳು. "ಸವಳ ಇಟ್ಟಂಗಿ ಅಂದ್ರ ಹೊಸಾ ಸೊಸಿ ಇದ್ದಂಗ ಬೇ," ಅನ್ನುತ್ತಿದ್ದಳು, "ಮೊದಲನೇ ವರ್ಷ ಬಾಳ ಚಂದ. ಎರಡು ಮಳಿ ಆಗ್ಲಿ, ಒಳಗಿಂದೆಲ್ಲಾ ಹೊರಗ ಬರ್ತೈತಿ." ಉಪ್ಪು ಹಿಂದಿನಿಂದ ಗಿಲಾವನ್ನು ನೂಕುತ್ತದೆ, ಕಲ್ಲು ಹಚ್ಚಿದ್ದರೆ ಕಲ್ಲನ್ನು ನೂಕುತ್ತದೆ, ಎಂಥ ಸಿಮೆಂಟೂ ತಡೆಯುವುದಿಲ್ಲ ಅಂತ ಅವಳಿಂದ ಕಲಿತೆ. ನಾಲಿಗೆಯನ್ನೂ ಅವಳೇ ಪಳಗಿಸಿದಳು. ಅಡಿಗೆಯ ಉಪ್ಪು ಬೇರೆ, ಸವಳಿನ ಉಪ್ಪು ಬೇರೆ. ಸವಳು ಮೊದಲು ತಣ್ಣಗೆ ತಾಗಿ ಆಮೇಲೆ ಕಹಿ ಆಗುತ್ತದೆ. ಎಂಟೊಂಬತ್ತು ವರ್ಷ ಮಣ್ಣು ನೆಕ್ಕಿದೆ. ಲಿಂಗಸೂಗೂರಿನವನು ನನ್ನನ್ನು ಅಲ್ಲಿಗೆ ಓಡಿಸದೆ ಇದ್ದಿದ್ದರೆ ಈ ವಿದ್ಯೆ ನನಗೆ ಬರುತ್ತಲೇ ಇರಲಿಲ್ಲ. ಅದಕ್ಕೂ ಅವನಿಗೆ ಆಮೇಲೆ ತೀರಿಸಿದೆ ಅನ್ನಿ.

ಆ ಹೊತ್ತಿಗೆ ಕಾಲುವೆ ನೀರಿನಿಂದ ಸಿಂಧನೂರಿನಲ್ಲಿ ನೆಲ್ಲು, ನೆಲ್ಲಿನಿಂದ ಮನೆ. ಮನೆ ಅಂದರೆ ಮುಂದೆ ಕೆಂಪು ಕಲ್ಲು ಇರಲೇಬೇಕು. ಇಳಕಲ್ಲಿನ ಕಡೆಯಿಂದ ಲಾರಿಯಲ್ಲಿ ತೆಳ್ಳಗೆ ಕೊಯ್ದ ಬಿಲ್ಲೆ ಬರುತ್ತಿದ್ದವು. ಆಂಧ್ರದ ಕಡೆಯ ಒಬ್ಬ ತೆಲುಗು ಗೌಂಡಿ ಅದರಲ್ಲಿ ಪಳಗಿದವನು. ಕಬೂಲ್ ಪದ್ಧತಿಯನ್ನು ಅವನು ಇಲ್ಲಿಗೆ ಬಂದ ಮೇಲೆ ಕಲಿತು ಬಲು ನಿಷ್ಠೆಯಿಂದ ಇಟ್ಟುಕೊಂಡಿದ್ದ. ಗೋಡೆ ಕೆಲಸ ಬಲ್ಲ ಹೆಂಗಸು ಬೇಕು ಅಂತ ಹುಡುಕುತ್ತಾ ಮಸ್ಕಿಯ ಭಟ್ಟಿಗೆ ಬಂದ. ನನ್ನ ಹಳೇ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮೊದಲನೇ ದಿನ ನಾನು ಬಿದಿರಿನ ಅಟ್ಟದ ಮೇಲೆ ಗೋಡೆಗೆ ಮುಖ ಮಾಡಿ ಬಡಿದು ನೋಡುತ್ತಿದ್ದೆ. ಹಿಂದೆ ಮೋಟಾರು ಸೈಕಲ್ ಬಂದು ನಿಂತಿತು. ಬುಟ್ಟಿ ಹೊರುವ ಹೆಂಗಸೊಬ್ಬಳು ಏನೋ ಕೇಳಿದಳು. ಬಂದವನು ಅಂದ:

"ಕೈ ಮಾಡು, ಬಾಯಿ ಮಾಡಬ್ಯಾಡ."

ನಾನು ತಿರುಗಿ ನೋಡಬೇಕಾಗಿರಲಿಲ್ಲ. ಆದರೂ ನೋಡಿದೆ. ಹೊಟ್ಟೆ ಬಂದಿತ್ತು, ಬೆರಳಿಗೆ ಉಂಗುರ ಬಂದಿತ್ತು. ಗೌಂಡಿ ಹೋಗಿ ಗುತ್ತೇದಾರ ಆಗಿದ್ದ. ತಲೆ ಎತ್ತಿ ನನ್ನ ಮುಖ ಪೂರಾ ನೋಡಿದ, ಗುರುತು ಹತ್ತಲಿಲ್ಲ. "ಯವ್ವಾ, ಚಂದಂಗ ಮಾಡು. ನನ್ನ ಸ್ವಂತ ಮನಿ ಇದು," ಅಂದ.

"ಮಾಡ್ತೀನ್ರಿ," ಅಂದೆ.

ಗೋಡೆಯ ಬುಡದಲ್ಲಿ ಮೊಳಕಾಲಿನವರೆಗೆ, ನಡುನಡುವೆ ಅಲ್ಲಲ್ಲಿ, ಬಿಳಿ ಕಾಣುತ್ತಿತ್ತು. ಅದೇನು ಅಂತ ಕೇಳಿದ್ದಕ್ಕೆ, "ಒಂದು ಕೈ ಸುಣ್ಣ ಬಳಿಸಿದ್ದೆ, ಅದು. ಕೆರದು ಒಗಿ," ಅಂದ. ಕೆರೆದೆ, ತೊಳೆದೆ. ಮರುದಿನ ಮುಂಜಾನೆ ಬಂದು ನೋಡಿದರೆ ಮತ್ತೆ ಬಿಳಿ. ಹತ್ತಿಯ ಎಳೆಯಂತೆ ನವಿರಾಗಿ ಎದ್ದು ನಿಂತಿತ್ತು. ಕೆರೆದ ಸುಣ್ಣ ಮತ್ತೆ ಹುಟ್ಟುವುದಿಲ್ಲ. ಯಾರೂ ಇಲ್ಲದ್ದು ನೋಡಿ ಬಗ್ಗಿ ಗೋಡೆಗೆ ನಾಲಿಗೆ ಹಚ್ಚಿದೆ. ತಣ್ಣಗೆ ತಾಗಿತು, ಆಮೇಲೆ ಕಹಿ.

ಆಳುಗಳನ್ನು ಮೆಲ್ಲಗೆ ವಿಚಾರಿಸಿದೆ. ಇಟ್ಟಂಗಿ ಅವನು ಕಾಲುವೆಯ ಆಚೆ ಕೊಂಡ ಸ್ವಂತ ಹೊಲದ ಮಣ್ಣಿನಲ್ಲಿ ಸುಡಿಸಿದ್ದು. ಆ ಹೊಲಕ್ಕೆ ಸವಳು ಹತ್ತಿ ನೆಲ್ಲು ಬೆಳೆಯುವುದು ನಿಂತು ಎರಡು ವರ್ಷ ಆಗಿತ್ತು. ನೀರು, ಮನೆಯ ಮುಂದೆಯೇ ಹರಿಯುವ ಬಸಿಗಾಲುವೆಯದು. ನೆಲ್ಲಿನ ಗದ್ದೆಗಳಿಂದ ಬಸಿದು ಬಂದ ನೀರು ಅದು, ಊರಿನ ಉಪ್ಪೆಲ್ಲ ಅದರೊಳಗಿರುತ್ತದೆ. ಈ ಕಡೆಯವರು ದನಕ್ಕೂ ಕುಡಿಸುವುದಿಲ್ಲ. ಆದರೆ ಅವನು ನಮ್ಮ ಲಿಂಗಸೂಗೂರಿನ ಒಣಭೂಮಿಯವನು. ಕೊಡ ಹೊತ್ತು ಹರದಾರಿ ನಡೆಯುವ ಮಂದಿಯ ನಡುವೆ ಹುಟ್ಟಿದವನಿಗೆ ಬಾಗಿಲ ಮುಂದೆ ನೀರು ಹರಿದರೆ ಅದೇ ಭಾಗ್ಯ. "ನೀರು ನಮ್ಮ ಮನಿ ಹುಡಿಕ್ಕೊಂಡು ಬಂದೈತಿ," ಅಂತ ಎಲ್ಲರಿಗೂ ತೋರಿಸುತ್ತಿದ್ದನಂತೆ. ಬುನಾದಿಯಿಂದ ಗಿಲಾವದ ತನಕ ಆ ನೀರಿನಲ್ಲೇ ಕಲಸಿಸಿದ್ದ.

ನಾನು ಬಾಯಿ ಬಿಡಲಿಲ್ಲ. ಒಂದು ಮಳೆಗಾಲ ಹೋಗಲಿ. ಮುಂದಿನ ಕೆಂಪು ಕಲ್ಲು ಒಂದೊಂದಾಗಿ ಉದುರಲಿ. ಹೋಗುವವರು ಬರುವವರು ನಿಂತು ನೋಡಲಿ, ಗುತ್ತೇದಾರನ ಮನೆಗೇ ಹಿಂಗಾದರೆ ಇವನು ಕಟ್ಟಿಸಿದ ಬೇರೆಯವರ ಮನೆಯ ಗತಿ ಏನು ಅಂತ ಕೇಳಲಿ. ಇದನ್ನೇ ನೆನೆಸಿಕೊಂಡು ಕೆಲಸ ಮಾಡಿದೆ. ಅಷ್ಟು ಚಂದ ಗೋಡೆಯನ್ನು ನಾನು ಜನ್ಮದಲ್ಲಿ ತಯಾರು ಮಾಡಿಲ್ಲ. ಎರಡು ಬೆರಳಿಗೊಂದು ಕಚ್ಚು, ಕಚ್ಚಿಗೊಂದು ಬೈಗುಳ. ತಲೆಮಾರುಗಟ್ಟಲೆ ಬೈದೆ. ಬೈಗುಳ ತೀರಿದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಅವನು ಬಂದು ನೋಡಿ, "ಕೆಲಸ ಅಂದ್ರ ಹಿಂಗಿರಬೇಕು," ಅಂದ. ನಾನು ಸೆರಗು ಸರಿ ಮಾಡಿಕೊಂಡು ನಿಂತೆ.

ದಿನಾ ಮುಂಜಾನೆ ಮಸ್ಕಿಯಿಂದ ಮೊದಲನೇ ಬಸ್ಸಿಗೆ ಎಲ್ಲರಿಗಿಂತ ಮುಂಚೆ ಬಂದು ಒಂದೊಂದು ಕಡೆ ನೆಕ್ಕಿ ನೋಡುತ್ತಿದ್ದೆ. ಉಪ್ಪು ಮೇಲೆ ಏರುತ್ತಿತ್ತು. ಏರಿದಷ್ಟೂ ನನಗೆ ಹಿಗ್ಗು.

ಒಂದು ಸಂಜೆ ಊಟಕ್ಕೆ ಕುಂತಾಗ ತಂಗಿಗೆ ಹೇಳಿದೆ. ಅವಳು ನಗಬಹುದು ಅಂದುಕೊಂಡಿದ್ದೆ. ನಗಲಿಲ್ಲ. ಎಡಗೈಯಿಂದ ಪುಂಡಿಪಲ್ಯೆ ಬಡಿಸುತ್ತಾ ಕೇಳಿದಳು:

"ನೀ ಕಬೂಲ್ ಅಂತಿಯೇನು?"

"ಅನ್ನದಿದ್ರ ಆ ತೆಲುಗು ಗೌಂಡಿ ಕಲ್ಲ ಮುಟ್ಟಂಗಿಲ್ಲ. ಅನ್ನಬೇಕಾಗ್ತೈತಿ."

"ಹಂಗಾರ ಕಲ್ಲು ಬಿದ್ದ ಮ್ಯಾಲ ಅವ ಏನಂತಾನ ಹೇಳು ಯಕ್ಕಾ. ಈಕಿ ಕಬೂಲ್ ಅಂದಿದ್ಲು ಅಂತಾನ. ಹೋದ ಸರ್ತಿ ಸುಳ್ಳಾದ್ರೂ ಇತ್ತು. ಈ ಸರ್ತಿ ಖರೇನ ಆಗ್ತೈತಿ."



"ಇನ್ನೊಂದು," ಅಂದಳು. "ಕಲ್ಲು ಬೀಳೋ ದಿನ ಕೆಳಗ ಅವ ಒಬ್ಬನ ನಿಂತಿರ್ತಾನ ಅನ್ಕೊಂಡೀ ಏನು? ಯಾವಾಕಿಯೋ ಕುಂತು ಮುಂದಿನ ಕಟ್ಟಿ ತೊಳೀತಿರ್ತಾಳ."

ಅದು ನನಗೆ ಹೊಳೆದಿರಲಿಲ್ಲ ಅಂತ ಸುಳ್ಳು ಬರೆಯುವುದಿಲ್ಲ. ಹೊಳೆದಿತ್ತು. ಒಂದು ಕಡೆ ತೆಗೆದು ಇಟ್ಟಿದ್ದೆ.

"ಹಂಗಾರ ಏನು ಮಾಡ್ಲಿ? ಅವನ ಕಾಲಿಗೆ ಬಿದ್ದು, ನಿನ್ನ ಗ್ವಾಡ್ಯಾಗ ಉಪ್ಪೈತಿ ಮಾರಾಯಾ ಅಂತ ಹೇಳ್ಲೇನು?"

"ಹೇಳು. ಆದ್ರ ಅವನೊಬ್ಬನಿಗೇ ಹೇಳಬ್ಯಾಡ," ಅಂದಳು ತಂಗಿ.

ಮೊದಲ ಕಲ್ಲು ಇಡಲು ಒಳ್ಳೆಯ ದಿನ ನೋಡಿಸಿದ್ದ. ಅವನ ಮಗಳಿಗೆ ಗಂಡು ಗೊತ್ತಾಗಿತ್ತು. ಬೀಗರಿಗೆ ಮನೆ ತೋರಿಸಬೇಕು ಅಂತ ಆವತ್ತೇ ಕರೆಸಿದ್ದ. ಬೀಗರು ಕಾಲುವೆಯ ಕಡೆಯ ಹಳೇ ಒಕ್ಕಲಿಗ, ನೆಲ್ಲು ಬೆಳೆಯುವ ಮನುಷ್ಯ, ಮಾತು ಕಮ್ಮಿ. ಓಣಿಯ ಮಂದಿ, ಆಳುಗಳು, ಹೆಂಗಸರು ಎಲ್ಲ ಸೇರಿದ್ದರು. ಕಲ್ಲಿನ ಬಿಲ್ಲೆ ಒಂದರ ಮೇಲೊಂದು ಒಟ್ಟಿ ಅರಿಷಿಣ ಕುಂಕುಮ ಹಚ್ಚಿದ್ದರು. ತೆಂಗಿನಕಾಯಿ ಒಡೆದರು. ತೆಲುಗು ಗೌಂಡಿ ಕೈ ತೊಳೆದುಕೊಂಡು ಬಂದು ಗೋಡೆಯ ಮುಂದೆ ನಿಂತ.

ನಾನು ಮೂರು ಕಡೆ ಬಡಿದೆ. ಟಣ್, ಟಣ್, ಟಣ್. ತಂಬಿಗೆ ನೀರು ಎರಚಿದೆ. ಗೋಡೆ ಒಂದೇ ಗುಟುಕಿಗೆ ಕುಡಿಯಿತು. ಗುತ್ತೇದಾರ ಬೀಗರ ಕಡೆ ನೋಡಿ ನಕ್ಕ.

ನಾನು ಸುಮ್ಮನೆ ನಿಂತೆ.

"ಹೇಳಮ್ಮಾ," ಅಂದ ತೆಲುಗು ಗೌಂಡಿ.

"ಅನ್ನಂಗಿಲ್ಲ."

"ಯಾಕಮ್ಮಾ? ಸಪ್ಪಳ ಬಂತು, ನೀರು ಕುಡೀತು."

"ಗ್ವಾಡ್ಯಾಗ ಸವಳ ಐತಿ. ಕಲ್ಲು ನಿಂದ್ರಂಗಿಲ್ಲ."

ಗುತ್ತೇದಾರನ ಮುಖದ ಮೇಲೆ ನಗು ಇನ್ನೂ ಹಾಗೇ ಇತ್ತು. "ಏ ಯವ್ವಾ, ಅದು ಸುಣ್ಣ ಅಂತ ಆವತ್ತ ಹೇಳೀನಲ್ಲ. ನಿನಗೇನು ತಿಳೀತೈತಿ? ಅಂದು ಮುಗಸು."

"ನಾಲಿಗಿಗೆ ತಿಳೀತೈತ್ರಿ. ದಿನಾ ನೆಕ್ಕಿ ನೋಡೀನಿ."

ಆಗ ನಗು ಹೋಯಿತು. "ನನ್ನ ಮನಿ ಗ್ವಾಡಿ ಎಂಜಲ ಮಾಡಿದ್ಯಾ ನೀನು? ಕೆಳಗಿನ ಓಣಿಯಾಕಿ ಬಂದು ನನ್ನ ಗ್ವಾಡಿ ನೆಕ್ಕತಾಳ..." ಅಂತ ಬೀಗರ ಕಡೆ ತಿರುಗಿದ. ನ್ಯಾಯ ಅಲ್ಲಿ ಸಿಗುತ್ತದೆ ಅಂದುಕೊಂಡಿದ್ದ.

ಬೀಗರು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಗೋಡೆಯ ಹತ್ತಿರ ಬಂದರು. ಬೆರಳಿನಿಂದ ಒಂದು ಕಚ್ಚಿನೊಳಗೆ ಕೆದರಿ, ಬೆರಳನ್ನು ನಾಲಿಗೆಗೆ ಹಚ್ಚಿಕೊಂಡರು. ಹೊಲ ಸವಳಾಗುವುದನ್ನು ಕಂಡವರಿಗೆ ಅದರ ರುಚಿ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕಕ್ಕೆ ಉಗುಳಿದರು.

"ಬೀಗರ, ಗ್ವಾಡಿಗೆ ಯಾವ ನೀರು ಹಾಕ್ಸಿದ್ರಿ?"

"ಇದರದ್ದರಿ, ಮುಂದಿನ ಕಾಲಿವಿದು," ಅಂದ ಗುತ್ತೇದಾರ.

"ಇದು ಕಾಲಿವಿ ಅಲ್ರಿ, ಬಸಿಗಾಲಿವಿ. ನಮ್ಮ ಹೊಲದ ಸವಳ ತೊಳದ ನೀರು ಇದು. ನಾವು ಹೊರಗ ಹಾಕಿದ್ದನ್ನ ನೀವು ಒಳಗ ಕರಕೊಂಡೀರಲ್ಲ."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

"ಹೆಣ್ಣಾಳ ಮಾತು ಕಟ್ಟಿಕೊಂಡು..." ಅಂತ ಗುತ್ತೇದಾರ ಶುರು ಮಾಡಿದ.

"ನನ್ನ ಮಾತು ಬ್ಯಾಡ್ರಿ," ಅಂದೆ. "ನೀವ ನೆಕ್ಕಿ ನೋಡ್ರಿ. ನಿಮ್ಮ ಗ್ವಾಡಿ."

ತೆಲುಗು ಗೌಂಡಿ ಕೈ ಕಟ್ಟಿಕೊಂಡು ನಿಂತಿದ್ದ. ಬೀಗರು, "ನೋಡ್ರಿ ಬೀಗರ, ಅದರಾಗೇನೈತಿ. ನಾ ನೋಡೀನಲ್ಲ," ಅಂದರು. ಆ ಮಾತಾದ ಮೇಲೆ ಅವನಿಗೆ ದಾರಿ ಉಳಿಯಲಿಲ್ಲ. ಬೆರಳು ಚಾಚಿದ. ಅವನು ಬೆರಳಿಟ್ಟದ್ದು ನಾನು ಆವತ್ತು ಮುಂಜಾನೆ ನಾಲಿಗೆ ಇಟ್ಟ ಜಾಗಾದಲ್ಲೇ. ಬೇರೆ ಕಡೆ ಇಟ್ಟಿದ್ದರೂ ಏನೂ ಫರಕು ಇರಲಿಲ್ಲ, ನಾನು ಯಾವ ಜಾಗಾ ಬಿಟ್ಟಿದ್ದೆ? ಬೆರಳು ಬಾಯಿಗೆ ಹೋಯಿತು. ಉಗುಳಲು ನಾಚಿಕೆ, ನುಂಗಲು ಕಹಿ. ನುಂಗಿದ.

ಇವತ್ತಿಗೂ ನನಗೆ ಊಟ ರುಚಿಸದಿದ್ದರೆ ಅದನ್ನು ನೆನೆಸಿಕೊಳ್ಳುತ್ತೇನೆ. ರುಚಿಸುತ್ತದೆ.

"ಇಷ್ಟು ದಿನ ಯಾಕ ಹೇಳ್ಲಿಲ್ಲ?" ಅಂದ.

"ಕೈ ಮಾಡು, ಬಾಯಿ ಮಾಡಬ್ಯಾಡ ಅಂದಿದ್ರಿ. ಕೈ ಮಾಡಿದೆ."

"ನಿನಗ ಯಾವಾಗ ಅಂದೀನಿ?"

"ಇಲ್ಲಿ ಬ್ಯಾರೆಯಾಕಿಗೆ ಅಂದ್ರಿ. ನನಗ ಅಂದದ್ದು ಲಿಂಗಸೂಗೂರಾಗ. ಗುಮಾಸ್ತರ ಮನಿ. ಮ್ಯಾಲಿನ ಎರಡು ಮೊಳ."

ಆಗ ನನ್ನ ಮುಖವನ್ನು ಎರಡನೇ ಸಲ ನೋಡಿದ. ಗುರುತು ಹತ್ತಿತು. ಹತ್ತಿದ್ದು ನನಗೆ ಕಂಡಿತು, ಅವನ ಕಣ್ಣು ಪಟ್ಟನೆ ಮೇಲೆ ಸಜ್ಜಾದ ಕಡೆ ಹೋಯಿತು.

"ಏನದು?" ಅಂತ ಬೀಗರು ಕೇಳಿದರು. ನಾನು ಹೇಳಿದೆ. ಸುಣ್ಣ, ನೀರಿನ ಕೊಡ, "ನಿನ್ನ ಪರವಾಗಿ ನಾ ಅಂದೀನಿ" ಅಂದದ್ದು, ಮೂರನೇ ದಿನದ ಕಲ್ಲು, "ನನ್ನ ಕಿವಿಲೆ ಕೇಳೀನಿ" ಅಂದದ್ದು, ಒಂದೂ ಬಿಡದೆ ಅಷ್ಟೂ ಮಂದಿಯ ಮುಂದೆ ಹೇಳಿದೆ. ಅಳಲಿಲ್ಲ, ದನಿ ಏರಿಸಲಿಲ್ಲ. ಹತ್ತು ವರ್ಷ ದಿನಾ ಮನಸ್ಸಿನಲ್ಲಿ ಹೇಳಿ ಹೇಳಿ ಬಾಯಿಪಾಠ ಆಗಿತ್ತು.

"ಸುಳ್ಳ ಅನ್ನಂಗಿಲ್ಲ," ಅಂದ ಅವನು ಕಡೆಗೆ, ಬೀಗರಿಗೆ. "ಆದ್ರ ನೂರು ಮನಿ ಕಟ್ಟೀನ್ರಿ ನಾನು. ಎಲ್ಲಿ ಯಾರ ಕೈ ಏನಾತು ಅಂತ ಹೆಂಗ ನೆನಪಿಡ್ಲಿ?"

ಸುಳ್ಳು ಅನ್ನುವುದಿಲ್ಲ ಅಂದದ್ದು ನನಗೆ ಬೇಕಾಗಿತ್ತು, ಸಿಕ್ಕಿತು. ಆದರೆ ಅದರ ಬೆನ್ನಿಗೇ ಬಂದ ಮಾತು ಕಲ್ಲಿನ ಚೂರಿನ ಹಾಗೆ ಚುಚ್ಚಿತು. ನೆನಪಿಡಲು ಆಗುವುದಿಲ್ಲವಂತೆ.

ತೆಲುಗು ಗೌಂಡಿ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿ ಲೆಕ್ಕ ಹೇಳಿದ. ಗಿಲಾವ ಪೂರಾ ಕೆಡವಬೇಕು. ಇಟ್ಟಂಗಿ ಬಯಲು ಮಾಡಬೇಕು. ಸಿಹಿನೀರು ತರಿಸಿ ದಿನಾ ತೊಳೆಯಬೇಕು, ಉಪ್ಪು ಬರುವುದು ನಿಲ್ಲುವ ತನಕ. ಬುಡದ ಇಟ್ಟಂಗಿ ಕಿತ್ತು ಬೇರೆ ಇಡಬೇಕು. "ಅಮ್ಮ ನೆಕ್ಕಿ ನೋಡಿ ಕಬೂಲ್ ಅಂದ ದಿನ ನಾನು ಕಲ್ಲು ಹಿಡೀತೀನಿ," ಅಂದ. ಬೀಗರು ಚಹಾ ಕುಡಿಯದೆ ಎದ್ದರು. "ಗ್ವಾಡಿ ಆಗ್ಲಿ, ಆಮ್ಯಾಲ ಮದಿವಿ ಮಾತು," ಅಂದು ಚಪ್ಪಲಿ ಮೆಟ್ಟಿಕೊಂಡರು.

ಗುತ್ತೇದಾರ ನೆಲ ನೋಡುತ್ತಾ ನನಗೆ, "ನಾಳಿ ಬಾ. ಕೆಡವಾಕ ಶುರು ಮಾಡು," ಅಂದ.

ಮರುದಿನ ಮುಂಜಾನೆ ಮೊದಲನೇ ಬಸ್ಸಿಗೆ ತಂಗಿಯನ್ನೂ ಕರೆದುಕೊಂಡು ಹೋದೆ. ಮುಂದಿನ ಗೋಡೆ ಒಂದು ಬಿಟ್ಟು ಮನೆ ಮುಗಿದಿತ್ತು, ಅವನು ಒಳಗೇ ಇರುತ್ತಿದ್ದ. ಅವನ ಪಡಸಾಲೆಯಲ್ಲಿದ್ದ ಕುರ್ಚಿ ಎತ್ತಿಕೊಂಡು ಬಂದು ಬಾಗಿಲಿಗೆ ಎದುರಾಗಿ, ಬೇವಿನ ಗಿಡದ ಕೆಳಗೆ ಹಾಕಿ ಅವಳನ್ನು ಕೂಡಿಸಿದೆ. ಬಲಗೈ ಸೆರಗಿನೊಳಗೆ ಇಟ್ಟುಕೊಳ್ಳುವುದು ಅವಳ ರೂಢಿ. ಹೊರಗೆ ತೆಗೆದು ತೊಡೆಯ ಮೇಲೆ ಇಡು ಅಂದೆ, ಇಟ್ಟಳು. ಅವನು ಬೇವಿನ ಕಡ್ಡಿ ಕಚ್ಚಿಕೊಂಡು ಹೊರಗೆ ಬಂದ, ಕುರ್ಚಿ ನೋಡಿದ, ಕೈ ನೋಡಿದ.

"ನೆನಪಿಡಾಕ ಆಗಂಗಿಲ್ಲ ಅಂದಿದ್ರಲ್ರಿ," ಅಂದೆ. "ಗ್ವಾಡಿ ಮುಗಿಯೋ ತನಕ ದಿನಾ ಕರ್ಕೊಂಡು ಬರ್ತೀನಿ."

ಆಳುಗಳೆಲ್ಲರನ್ನು ಗೋಡೆಯ ಕೆಳಗಿನಿಂದ ದೂರ ಸರಿಸಿದೆ. ಅಟ್ಟ ಹತ್ತಿದೆ. ಸಜ್ಜಾದ ಕೆಳಗಿನ ಎರಡು ಮೊಳ ಅಳೆದುಕೊಂಡು, ಮೊದಲನೇ ಏಟು ಅಲ್ಲಿ ಹಾಕಿದೆ.